ಉಪ್ಪುಗಾಳಿಯ ಊರಿನ ಕಾರಿಗೆ ಸಬ್‌ವೂಫರ್: ದೋಣಿಯ ಫೈಬರಿನಲ್ಲಿ ಮೂಲೆ ಬಾಕ್ಸ್

ಅಂಗಡಿಯ ರೆಡಿಮೇಡ್ ಸಬ್‌ವೂಫರ್ (ಬೇಸ್ ಮಾತ್ರ ನುಡಿಸುವ ಸ್ಪೀಕರ್, ಚಿಕ್ಕದಾಗಿ ‘ಸಬ್’) ಬಾಕ್ಸನ್ನು ಕಾರವಾರ ಕಡೆಯ ಕಾರಿನ ಡಿಕ್ಕಿಯಲ್ಲಿ ಎರಡು ಮಳೆಗಾಲ ಇಟ್ಟು ಆಮೇಲೆ ಎತ್ತಿ ನೋಡಿ. ತಳದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅಂಚು ಚಹಾದಲ್ಲಿ ಅದ್ದಿದ ಟೋಸ್ಟಿನಂತೆ ಉಬ್ಬಿರುತ್ತದೆ. ಕಾರ್ಪೆಟ್ಟಿಗೆ ಮುಗ್ಗಲು ವಾಸನೆ ಹತ್ತಿರುತ್ತದೆ. ಸ್ಪ್ರಿಂಗ್ ಟರ್ಮಿನಲ್ಲು ಹಸಿರು ತಿರುಗಿರುತ್ತದೆ. ಉಬ್ಬಿದ ಕಡೆ ಜೋಡಣೆ ಬಿಟ್ಟು ಗಾಳಿ ಸೋರುತ್ತದೆ, ಗಾಳಿ ಸೋರಿದರೆ ಬೇಸ್ ತೆಳುವಾಗುತ್ತದೆ, ತೆಳುವಾಯಿತೆಂದು ಆಂಪ್ಲಿಫೈಯರಿನ ಗೇನ್ ಗುಂಡಿ ತಿರುವುತ್ತಾರೆ, ಕೊನೆಗೆ ಸಬ್ಬಿನೊಳಗಿನ ಕಾಯಿಲ್ ಸುಡುತ್ತದೆ. ತಪ್ಪು ಸಬ್ಬಿನದೂ ಅಲ್ಲ, ಆಂಪ್ಲಿಫೈಯರಿನದೂ ಅಲ್ಲ.

ಇದೇ ಕರಾವಳಿಯಲ್ಲಿ ಫೈಬರ್ ದೋಣಿಗಳು ವರ್ಷಗಟ್ಟಲೆ ಉಪ್ಪುನೀರಿನಲ್ಲೇ ಬದುಕುತ್ತವೆ. ಹಾಗಾಗಿ ಬಾಕ್ಸನ್ನೂ ದೋಣಿಯ ಸಾಮಾನಿನಿಂದಲೇ ಕಟ್ಟುವುದು ಇಲ್ಲಿ ಬುದ್ಧಿವಂತಿಕೆ: ಹಿಂಬದಿಗೆ ಗ್ಲಾಸ್ ಮ್ಯಾಟ್ (ಗಾಜಿನ ನಾರಿನ ಹಾಸು) ಮತ್ತು ಪಾಲಿಯೆಸ್ಟರ್ ರೆಸಿನ್, ಮುಂಬದಿಗೆ ಮರೀನ್ ಪ್ಲೈ. ಇನ್ನೊಂದು ಲಾಭವೂ ಇದೆ. ಚೌಕ ಬಾಕ್ಸ್ ಸಣ್ಣ ಹ್ಯಾಚ್‌ಬ್ಯಾಕಿನ ಡಿಕ್ಕಿಯನ್ನು ಪೂರ್ತಿ ನುಂಗುತ್ತದೆ. ಫೈಬರ್ ಬಾಕ್ಸ್ ಚಕ್ರದ ಉಬ್ಬಿನ ಹಿಂದಿನ ಮೂಲೆಗೆ ಮೈ ಹೊಂದಿಸಿಕೊಂಡು ಕೂರುತ್ತದೆ. ಸಂತೆಯ ಚೀಲಕ್ಕೆ ಜಾಗ ಉಳಿಯುತ್ತದೆ.

ಲೆಕ್ಕ ಮೊದಲು

ಇಲ್ಲಿ ಹಿಡಿದಿರುವುದು ಒಂದೇ ಕಾಯಿಲಿನ, 4 ಓಮಿನ, 250 ವಾಟ್ ಆರ್‌ಎಂಎಸ್‌ನ 10 ಇಂಚಿನ ಸಬ್. ಪಾಲಿಪ್ರೊಪಿಲೀನ್ ಕೋನ್, ರಬ್ಬರ್ ಸರೌಂಡ್ (ಕೋನಿನ ಸುತ್ತಲ ಮೆದು ಅಂಚು) ಇರುವುದನ್ನೇ ಆರಿಸಿ. ಫೋಮ್ ಸರೌಂಡ್ ಈ ಹವೆಯಲ್ಲಿ ಬೇಗ ಪುಡಿಯಾಗುತ್ತದೆ, ಲೇಪವಿಲ್ಲದ ಪೇಪರ್ ಕೋನ್ ತೇವ ಹೀರುತ್ತದೆ.

ಸಬ್ಬಿನ ಜೊತೆ ಬರುವ ಹಾಳೆಯಲ್ಲಿ ಮೂರು ಅಂಕಿ ಸಾಕು. ಉದಾಹರಣೆಗೆ ಎಫ್‌ಎಸ್ 32 ಹರ್ಟ್ಸ್, ಕ್ಯೂಟಿಎಸ್ 0.48, ವಿಎಎಸ್ 32 ಲೀಟರ್. ಎಫ್‌ಎಸ್ ಅಂದರೆ ಸಬ್ ತಾನಾಗಿ ಕಂಪಿಸುವ ಆವರ್ತನ (ಅನುರಣನ), ಕ್ಯೂಟಿಎಸ್ ಅಂದರೆ ಆ ಕಂಪನ ಎಷ್ಟು ಹಿಡಿತದಲ್ಲಿದೆ ಎಂಬ ಅಂಕಿ, ವಿಎಎಸ್ ಅಂದರೆ ಕೋನಿನ ಸರೌಂಡ್‌ನಷ್ಟೇ ಬಿಗುವಿರುವ ಗಾಳಿಯ ಗಾತ್ರ. ವಿಎಎಸ್ಸನ್ನು ಬಾಕ್ಸಿನ ಲೀಟರಿನಿಂದ ಭಾಗಿಸಿ, 1 ಕೂಡಿಸಿ, ವರ್ಗಮೂಲ ತೆಗೆಯಿರಿ. ಬಂದದ್ದರಿಂದ ಕ್ಯೂಟಿಎಸ್ಸನ್ನೂ ಎಫ್‌ಎಸ್ಸನ್ನೂ ಗುಣಿಸಿ. 22 ಲೀಟರಿಗೆ ವರ್ಗಮೂಲ 1.57, ಅಂದರೆ ಬಾಕ್ಸಿನ ಕ್ಯೂ (ಹೆಚ್ಚಿದಷ್ಟೂ ಗುಂಯ್‌ಗುಡುವಿಕೆ ಹೆಚ್ಚು) 0.75, ಅನುರಣನ 50 ಹರ್ಟ್ಸ್. ಅದರ ಕೆಳಗೆ ಸೀಲ್ಡ್ (ಎಲ್ಲೂ ತೂತಿಲ್ಲದೆ ಮುಚ್ಚಿದ) ಬಾಕ್ಸ್ ಆಕ್ಟೇವಿಗೆ 12 ಡೆಸಿಬೆಲ್‌ನಂತೆ ಇಳಿಯುತ್ತದೆ. ಸಣ್ಣ ಕಾರಿನ ಕ್ಯಾಬಿನ್ ತಾನಾಗಿಯೇ ಸುಮಾರು 60–70 ಹರ್ಟ್ಸ್‌ನಿಂದ ಕೆಳಗೆ ಸ್ವರವನ್ನು ಮೇಲೆತ್ತುವುದರಿಂದ ಈ ಇಳಿತ ಬಹುಪಾಲು ತುಂಬಿಹೋಗುತ್ತದೆ. ಮನೆಯ ಹಾಲಿನಲ್ಲಿ ಬಡಕಲಾಗಿ ಕೇಳುವ ಸೀಲ್ಡ್ ಬಾಕ್ಸ್ ಕಾರಿನಲ್ಲಿ ಸರಿಹೋಗುವ ಗುಟ್ಟು ಇದೇ.

18 ಲೀಟರಾದರೆ ಕ್ಯೂ 0.80, ಅನುರಣನ 53. ವ್ಯತ್ಯಾಸ ಕಿವಿಗೆ ಹತ್ತುವುದು ಕಷ್ಟ. 12 ಲೀಟರಿಗೆ ಇಳಿಸಿದರೆ ಮಾತ್ರ ಕ್ಯೂ 0.92, ಅನುರಣನ 61; ಎಲ್ಲ ಹಾಡಿನಲ್ಲೂ ಒಂದೇ ಸ್ವರ ಗುಂಯ್‌ಗುಡುತ್ತದೆ. ಹಾಗಾಗಿ ಒಂದೆರಡು ಲೀಟರಿನ ಹೆಚ್ಚುಕಡಿಮೆಗೆ ತಲೆ ಕೆಡಿಸಿಕೊಳ್ಳಬೇಡಿ, ಸೋರಿಕೆಗೆ ಕೆಡಿಸಿಕೊಳ್ಳಿ. ಪೋರ್ಟ್ (ಗಾಳಿ ಆಡುವ ತೆರೆದ ಕೊಳವೆ) ಇರುವ ಬಾಕ್ಸ್ ಹೆಚ್ಚು ಸದ್ದು ಕೊಡುವುದು ನಿಜ, ಆದರೆ ಜಾಗ ಹೆಚ್ಚುಕಡಿಮೆ ಇಮ್ಮಡಿ ಬೇಕು, ಲೆಕ್ಕ ತಪ್ಪಿದರೆ ಕ್ಷಮಿಸುವುದಿಲ್ಲ.

ಸಬ್ಬಿನ ಮ್ಯಾಗ್ನೆಟ್, ಬುಟ್ಟಿ ಸುಮಾರು ಒಂದೂವರೆ ಲೀಟರ್ ತಿನ್ನುತ್ತವೆ. ಅದನ್ನು ಸೇರಿಸಿ ಒಳಗಿನ ಒಟ್ಟು ಗಾತ್ರ 23.5 ಲೀಟರ್. ಆಳವನ್ನೂ ನೋಡಿಕೊಳ್ಳಿ: ಸಬ್ಬಿನ ಆಳ 140 ಮಿ.ಮೀ. ಇದ್ದರೆ, ಮ್ಯಾಗ್ನೆಟ್ ಹಿಂದಿನ ರಂಧ್ರ ಉಸಿರಾಡಲು ಇನ್ನೂ 25 ಮಿ.ಮೀ. ಬೇಕು.

ಫೈಬರ್ ಕೆಲಸ

ನವೆಂಬರಿನಿಂದ ಫೆಬ್ರವರಿವರೆಗೆ ಹಿಡಿಯಿರಿ. ಮಳೆಗಾಲದಲ್ಲಿ ಬೇಡ. ಗ್ಲಾಸ್ ಮ್ಯಾಟ್ ತೇವ ಹೀರಿದ್ದರೆ ರೆಸಿನ್ ಹಚ್ಚಿದ ಮೇಲೂ ಬೆಳ್ಳಗೆ ಹಾಲಿನಂತೆ ಉಳಿಯುತ್ತದೆ. ಅಲ್ಲಿ ಪದರಕ್ಕೆ ಪದರ ಹಿಡಿದಿರುವುದಿಲ್ಲ. ಘಟ್ಟದ ಮೇಲೆ, ಶಿರಸಿ ಕಡೆ ಮಾಡುವವರು ಮ್ಯಾಟಿನ ಸುರುಳಿಯನ್ನು ಎರಡು ದಿನ ಅಟ್ಟದ ಬೆಚ್ಚನೆ ಜಾಗದಲ್ಲಿಟ್ಟು ಆಮೇಲೆ ಬಿಚ್ಚಿದರೆ ಒಳ್ಳೆಯದು. ರೆಸಿನ್ ಡಬ್ಬಿಯನ್ನು ಮಾತ್ರ ಒಲೆಯ ಹತ್ತಿರಕ್ಕೂ ಒಯ್ಯಬೇಡಿ.

ಬೇಕಾದ ಸಾಮಾನು ಬೋಟ್ ರಿಪೇರಿಯವರು ಬಳಸುವಂಥದ್ದೇ. ಚದರ ಮೀಟರಿಗೆ 450 ಗ್ರಾಂ ತೂಗುವ ಚಾಪ್ಡ್ ಸ್ಟ್ರ್ಯಾಂಡ್ ಮ್ಯಾಟ್, ಜನರಲ್ ಪರ್ಪಸ್ ಪಾಲಿಯೆಸ್ಟರ್ ರೆಸಿನ್, ಎಂಇಕೆಪಿ ಹಾರ್ಡನರ್. ಶೆಲ್ಲಿನ (ಬಾಕ್ಸಿನ ಫೈಬರ್ ಬೆನ್ನಿನ) ಮೈ ಸುಮಾರು 0.6 ಚದರ ಮೀಟರ್. ಆರು ಪದರಕ್ಕೆ ಮ್ಯಾಟ್ 1.6 ಕೆ.ಜಿ. ಆಗುತ್ತದೆ, ಕತ್ತರಿಸಿದ ಚೂರು ಸೇರಿ 2 ಕೆ.ಜಿ. ತನ್ನಿ. ರೆಸಿನ್ ಮ್ಯಾಟಿನ ತೂಕದ ಎರಡೂವರೆ ಪಟ್ಟು ಬೇಕು, 5 ಕೆ.ಜಿ. ಇದ್ದರೆ ನೆಮ್ಮದಿ. ಒಂದು ಪದರ ಹೆಚ್ಚುಕಡಿಮೆ 1 ಮಿ.ಮೀ. ದಪ್ಪ ಕೊಡುತ್ತದೆ. ನಾಲ್ಕು ಪದರಕ್ಕೆ ನಿಲ್ಲಿಸಿದವರ ಬಾಕ್ಸಿನ ಬೆನ್ನು 250 ವಾಟಿಗೆ ತಗಡಿನಂತೆ ಬಡಿಯುತ್ತದೆ.

ರೆಸಿನ್ ಕೊಳ್ಳುವಾಗ ಒಂದು ಮಾತು ಕೇಳಲೇಬೇಕು: ಕೋಬಾಲ್ಟ್ ಸೇರಿಸಿದ್ದೋ, ಸೇರಿಸದ್ದೋ? ಸೇರಿಸದಿದ್ದರೆ ಕೋಬಾಲ್ಟ್ ಆಕ್ಸಲರೇಟರನ್ನು ಮೊದಲು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಿ, ಹಾರ್ಡನರ್ ಆಮೇಲೆ. ಕೋಬಾಲ್ಟನ್ನೂ ಎಂಇಕೆಪಿಯನ್ನೂ ನೇರ ಒಂದಕ್ಕೊಂದು ಸೇರಿಸಿದರೆ ಸ್ಫೋಟವಾಗುತ್ತದೆ. ಒಂದೇ ಚಮಚವನ್ನು ಎರಡೂ ಬಾಟಲಿಗೆ ಅದ್ದುವುದೂ ಬೇಡ. ಹಾರ್ಡನರ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ಕೈಗವಸು, ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕ್ ಮೂರೂ ಹಾಕಿಕೊಂಡು ಕೂರಿ. ಧೂಳಿನ ಬಟ್ಟೆ ಮಾಸ್ಕ್ ರೆಸಿನ್ನಿನಿಂದ ಏಳುವ ಸ್ಟೈರೀನ್ ವಾಸನೆಗೆ ಯಾತಕ್ಕೂ ಬಾರದು.

ಡಿಕ್ಕಿಯ ಎಡಬದಿಯ ಪ್ಲಾಸ್ಟಿಕ್ ಟ್ರಿಮ್, ನೆಲದ ಮ್ಯಾಟ್, ಸ್ಟೆಪ್ನಿ ತೆಗೆಯಿರಿ. ಸೀಟು, ಗಾಜು ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಸಿ. ಮೂಲೆಯ ತಗಡಿಗೆ ಎರಡು ಪದರ ಮಾಸ್ಕಿಂಗ್ ಟೇಪ್, ಅದರ ಮೇಲೆ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್, ಫಾಯಿಲಿಗೆ ನೆಲದ ಮೇಣದ ಪಾಲಿಶ್. ತಗಡಿನ ತೂತುಗಳಲ್ಲಿ ಟೇಪ್ ತಪ್ಪಿಸಿಕೊಂಡರೆ ರೆಸಿನ್ ಒಳಗಿಳಿದು ಶೆಲ್ಲೇ ಕಾರಿಗೆ ಅಂಟುತ್ತದೆ, ಆಮೇಲೆ ಉಳಿಯೇ ಗತಿ. ಮೂಲೆಗೆ ಮೇಲ್ಗಡೆ ಗೋಡೆ ಇಲ್ಲ. ಪಾರ್ಸೆಲ್ ಟ್ರೇ ಕೆಳಗೆ ಹಾರ್ಡ್‌ಬೋರ್ಡ್ ತುಂಡೊಂದನ್ನು ಟೇಪಿನಿಂದ ನಿಲ್ಲಿಸಿ ಅದಕ್ಕೂ ಫಾಯಿಲ್ ಸುತ್ತಿ. ಅಚ್ಚಿಗೆ ಥರ್ಮಾಕೋಲ್ ಬಳಸಬೇಡಿ, ಪಾಲಿಯೆಸ್ಟರ್ ರೆಸಿನ್ ತಾಗಿದೊಡನೆ ಕರಗಿ ಮಾಯವಾಗುತ್ತದೆ.

ಮ್ಯಾಟನ್ನು ಅಂಗೈ ಎರಡರಷ್ಟು ತುಂಡುಗಳಾಗಿ ಹರಿದುಕೊಳ್ಳಿ. ಕತ್ತರಿಸಿದ ನೇರ ಅಂಚು ಪದರದ ಮೇಲೆ ಗೆರೆಯಾಗಿ ಕೂರುತ್ತದೆ, ಹರಿದ ಅಂಚು ಬೆರೆಯುತ್ತದೆ. ರೆಸಿನ್ ಒಮ್ಮೆಗೆ 400 ಗ್ರಾಂ ಮಾತ್ರ ಕಲಸಿ, ಹಾರ್ಡನರ್ 4ರಿಂದ 6 ಮಿ.ಲೀ. ನಮ್ಮ 30 ಡಿಗ್ರಿ ಮಧ್ಯಾಹ್ನಕ್ಕೆ 4 ಸಾಕು, ಹದಿನೈದಿಪ್ಪತ್ತು ನಿಮಿಷ ಕೈಗೆ ಸಿಗುತ್ತದೆ. ಬೇಗ ಮುಗಿಯಲೆಂದು ಒಂದೇ ಬಕೆಟಿನಲ್ಲಿ 2 ಕೆ.ಜಿ. ಕಲಸಿದರೆ ಅದು ತನ್ನ ಬಿಸಿಗೆ ತಾನೇ ಕುದಿದು ಹೊಗೆಯಾಡಿ ಬಕೆಟ್ಟಿನೊಳಗೇ ಕಲ್ಲಾಗುತ್ತದೆ.

ಮೊದಲು ಫಾಯಿಲಿಗೆ ರೆಸಿನ್ ಬಳಿದು ಅದರ ಮೇಲೆ ಮ್ಯಾಟ್ ಕೂರಿಸಿ, ಬ್ರಶ್ಶಿನಿಂದ ಕುಕ್ಕಿ. ಎಳೆಯಬಾರದು, ಕುಕ್ಕಬೇಕು; ಎಳೆದರೆ ನಾರು ಬ್ರಶ್ಶಿಗೆ ಸುತ್ತಿಕೊಂಡು ಬರುತ್ತದೆ. ಬಿಳಿ ಹೋಗಿ ಮ್ಯಾಟ್ ಗಾಜಿನಂತೆ ಪಾರದರ್ಶಕವಾದರೆ ನೆನೆದಿದೆ ಎಂದರ್ಥ. ಮುಂಬದಿಯ ಅಂಚಿನಲ್ಲಿ 40 ಮಿ.ಮೀ. ಅಗಲದ ಚಪ್ಪಟೆ ಪಟ್ಟಿ ಬಿಟ್ಟುಕೊಳ್ಳಿ, ಪ್ಲೈ ಕೂರುವುದು ಅದರ ಮೇಲೆ. ಕಾರಿನೊಳಗೆ ಎರಡೇ ಪದರ. ಮರುದಿನ ಶೆಲ್ಲನ್ನು ಅಲುಗಿಸಿ ಬಿಡಿಸಿ, ಹೊರಗೆ ತಂದು, 80ರ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಉಳಿದ ನಾಲ್ಕು ಪದರವನ್ನು ಒಳಮೈಗೆ ಹಾಕಿ. ಹೊರಮೈಗೆ ಹಾಕಿದರೆ ಬಾಕ್ಸ್ ದಪ್ಪವಾಗಿ ಮೂಲೆಗೆ ಮರಳಿ ಕೂರುವುದಿಲ್ಲ. ಚಪ್ಪಟೆಯಾದ ದೊಡ್ಡ ಜಾಗವಿದ್ದರೆ ಅರ್ಧ ಸೀಳಿದ 20 ಮಿ.ಮೀ. ಪಿವಿಸಿ ಪೈಪನ್ನು ಅಡ್ಡ ಇಟ್ಟು ಅದರ ಮೇಲೆ ಎರಡು ಪದರ ಮ್ಯಾಟ್ ಹೊದಿಸಿ. ದೋಣಿಯ ಒಳಗಿನ ಪಕ್ಕೆಲುಬಿನ ಕೆಲಸ ಅದು ಮಾಡುತ್ತದೆ.

ಮೇಲ್ಪದರ ಎಷ್ಟು ದಿನ ಬಿಟ್ಟರೂ ಅಂಟಂಟಾಗಿಯೇ ಇದೆ ಎಂಬ ದೂರು ಸಾಮಾನ್ಯ. ಗಾಳಿ ತಾಗುವ ಮೈಯಲ್ಲಿ ಈ ರೆಸಿನ್ ಪೂರ್ತಿ ಗಟ್ಟಿಯಾಗುವುದಿಲ್ಲ, ಅದು ಅದರ ಸ್ವಭಾವ. ಕೊನೆಯ ಪದರದ ಮೇಲೆ ಪಾಲಿಯೆಸ್ಟರ್ ಹಾಳೆ ಹೊದಿಸಿ ಗುಳ್ಳೆ ತಳ್ಳಿ ಬಿಟ್ಟರೆ ಮರುದಿನ ಹಾಳೆ ಸುಲಭವಾಗಿ ಸುಲಿದು ಬರುತ್ತದೆ, ಕೆಳಗೆ ಗಟ್ಟಿ ಮೈ.

ಈಗ ಶೆಲ್ ಒಂದು ವಕ್ರ ಬೋಗುಣಿ. ಬಾಯಿ ಮೇಲೆ ಮಾಡಿ ಮರಳಿನ ಮೇಲೆ ಸಮ ಕೂರಿಸಿ, ಒಂದು ಲೀಟರಿನ ಅಳತೆಯಿಂದ ನೀರು ಎಣಿಸಿ ತುಂಬಿ. ಲೀಟರಿನ ಲೆಕ್ಕವೂ ಸಿಗುತ್ತದೆ, ಸೂಜಿತೂತುಗಳೂ ಸಿಗುತ್ತವೆ: ಹೊರಮೈಯನ್ನು ಒಣಬಟ್ಟೆಯಲ್ಲಿ ಒರೆಸಿ ಅರ್ಧ ಗಂಟೆ ಬಿಟ್ಟರೆ ಸೋರುವ ಕಡೆ ಬೆವರಿನ ಹನಿಯಂತೆ ನೀರು ಕೂತಿರುತ್ತದೆ. ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಎರಡು ದಿನ ಬಿಸಿಲಿಗೆ ಒಣಗಿಸಿ, ಒಳಗಿನಿಂದ ಒಂದು ತುಂಡು ಮ್ಯಾಟ್ ಮೆತ್ತಿ. ಪಾತಿ ದೋಣಿಯ ತೂತಿಗೂ ಇದೇ ಮದ್ದು. ಗಾತ್ರ ಕಡಿಮೆ ಬಂದರೆ ಸಬ್ಬಿನ ಕೆಳಗೆ 18 ಮಿ.ಮೀ. ಪ್ಲೈ ಉಂಗುರ ಕೊಡಿ, 233 ಮಿ.ಮೀ. ಒಳವ್ಯಾಸದ ಒಂದು ಉಂಗುರ ಮುಕ್ಕಾಲು ಲೀಟರ್ ಸೇರಿಸುತ್ತದೆ.

ಮುಂಬದಿಯ ಪ್ಲೈ

18 ಮಿ.ಮೀ. ಬಿಡಬ್ಲ್ಯುಪಿ (ಕುದಿನೀರು ತಡೆಯುವ) ದರ್ಜೆ, ಹಾಳೆಯ ಮೇಲೆ ಐಎಸ್ 710 ಮುದ್ರೆ. ಐಎಸ್ 303ರ ಎಂಆರ್ ಪ್ಲೈಯನ್ನೂ ಕೆಲವರು ‘ವಾಟರ್‌ಪ್ರೂಫ್’ ಎಂದೇ ಮಾರುತ್ತಾರೆ. ಅದರ ಅಂಟು ಯೂರಿಯಾದ್ದು, ತೇವ ತಡೆದೀತು, ನೀರು ತಡೆಯದು. ಅನುಮಾನವಿದ್ದರೆ ಅಂಗೈಯಗಲದ ತುಂಡನ್ನು ನಾಲ್ಕೈದು ತಾಸು ಕುದಿಸಿ. ಪದರ ಬಾಯಿಬಿಟ್ಟರೆ ಅಂಗಡಿಗೆ ವಾಪಸ್.

ಕತ್ತರಿಸುವ ವೃತ್ತವನ್ನು ಹಾಳೆಯ ಅಂಕಿ ನಂಬದೆ ಸಬ್ಬಿನ ಬುಟ್ಟಿಯನ್ನೇ ಅಳೆದು ಗುರುತಿಸಿ. ಜಿಗ್‌ಸಾದಲ್ಲಿ ಕತ್ತರಿಸಿದ ಅಂಚಿಗೆ ತೆಳು ರೆಸಿನ್ ಎರಡು ಸಲ ಕುಡಿಸಿ. ಪ್ಲೈ ನೀರು ಹೀರುವುದು ಮುಖದಿಂದ ಕಡಿಮೆ, ಅಂಚಿನಿಂದಲೇ ಹೆಚ್ಚು. ಸಬ್ ಹಿಡಿಯಲು ಮರದ ಸ್ಕ್ರೂ ಬೇಡ. ಎಂ5 ಟಿ-ನಟ್ (ಹಿಂಬದಿಯಿಂದ ಪ್ಲೈಗೆ ಕಚ್ಚಿಕೊಳ್ಳುವ ನಟ್) ಎಂಟು, ಸ್ಟೇನ್‌ಲೆಸ್ ಬೋಲ್ಟ್ ಎಂಟು. ಸ್ಪೀಕರ್ ತಂತಿಗೆ ಪ್ಲಾಸ್ಟಿಕ್ ಸ್ಪ್ರಿಂಗ್ ತಟ್ಟೆಯ ಬದಲು ಪ್ಲೈ ಮೂಲಕ ಎರಡು ಹಿತ್ತಾಳೆ ಬೋಲ್ಟ್ ದಾಟಿಸಿ, ಎರಡೂ ಬದಿ ನಟ್ ಬಿಗಿದರೆ ಸೋರಿಕೆಯೂ ಇಲ್ಲ, ಸಡಿಲವೂ ಇಲ್ಲ.

ಪ್ಲೈಯನ್ನು ಶೆಲ್ಲಿನ ಪಟ್ಟಿಗೆ ಕೂರಿಸಲು ರೆಸಿನ್ನಿಗೆ ಟಾಲ್ಕ್ ಪುಡಿ, ಸಣ್ಣಗೆ ಕತ್ತರಿಸಿದ ಗ್ಲಾಸ್ ನಾರು ಸೇರಿಸಿ ಚಟ್ನಿಯ ಹದಕ್ಕೆ ಕಲಸಿ ಹಚ್ಚಿ. 100 ಮಿ.ಮೀ.ಗೆ ಒಂದರಂತೆ ಸ್ಕ್ರೂ. ಗಟ್ಟಿಯಾದ ಮೇಲೆ ಸಬ್ಬಿನ ತೂತಿನಲ್ಲಿ ಕೈ ಹಾಕಿ ಒಳಗಿನ ಜೋಡಣೆಗೆ ಸುತ್ತಲೂ ಎರಡು ಪದರ ಮ್ಯಾಟ್. ಮೊಣಕೈ ಕೆರೆಸಿಕೊಳ್ಳುವ ಕೆಲಸ ಇದು, ಆದರೆ ಬಾಕ್ಸ್ ನಿಲ್ಲುವುದು ಈ ಪದರದ ಮೇಲೆ. ಸಂದಿಗೆ ಸಿಲಿಕೋನ್ ಹಾಕುವುದಾದರೆ ವಿನೆಗರ್ ವಾಸನೆ ಬರುವ ಜಾತಿ ಬೇಡ. ಒಣಗುವಾಗ ಬಿಡುವ ಆಮ್ಲ ಮುಚ್ಚಿದ ಬಾಕ್ಸಿನಲ್ಲಿ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಅಥವಾ ಪಿಯು (ಪಾಲಿಯುರೆಥೇನ್) ಸೀಲಂಟ್ ತನ್ನಿ.

ಒಳಗೆ 350 ಗ್ರಾಂ ಪಾಲಿಯೆಸ್ಟರ್ ನಾರು, ದಿಂಬಿಗೆ ತುಂಬುವಂಥದ್ದು. ಹತ್ತಿ ಹಾಕಿದರೆ ಎರಡನೇ ಆಷಾಢಕ್ಕೆ ಬೂಸಲು. ಹೊರಗೆ ಕಾರ್ಪೆಟ್ ಅಂಟಿಸುವ ಆಸೆಯನ್ನೂ ಬಿಡಿ, ಅದು ಉಪ್ಪು ಹಿಡಿದು ಒಣಗುವುದೇ ಇಲ್ಲ. ಪ್ರೈಮರ್, ಎರಡು ಕೈ ಪಿಯು ಪೇಂಟ್ ಸಾಕು.

ಸಬ್ ಕೂರಿಸಿ, ಕೆಳಗೆ ಫೋಮ್ ಗ್ಯಾಸ್ಕೆಟ್ ಟೇಪ್ ಕೊಟ್ಟು, ಬೋಲ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ. ಎರಡು ಕೈಯಿಂದ ಕೋನನ್ನು ಮೆಲ್ಲಗೆ ಒತ್ತಿ ಬಿಡಿ. ಪಟ್ಟನೆ ಪುಟಿದು ಬಂದರೆ ಎಲ್ಲೋ ಸೋರುತ್ತಿದೆ. ಆಲಸ್ಯದಿಂದ ಬಂದರೆ ಬಾಕ್ಸ್ ಬಿಗಿ. ಸೋರುವ ಜಾಗ ಹುಡುಕಲು 30 ಹರ್ಟ್ಸ್ ಟೋನ್ ಸಣ್ಣಗೆ ಹಾಕಿ, ಊದುಬತ್ತಿಯನ್ನು ಅಂಚಿನಗುಂಟ ಒಯ್ಯಿರಿ. ಹೊಗೆ ಎಲ್ಲಿ ನಡುಗುತ್ತದೋ ಅಲ್ಲಿ ತೂತು.

ವೈರಿಂಗ್

ಆಂಪ್ಲಿಫೈಯರ್ ಕ್ಲಾಸ್ ಡಿ ಮೊನೊಬ್ಲಾಕ್ (ಒಂದೇ ಚಾನಲ್ಲಿನದು), 4 ಓಮಿಗೆ 300 ವಾಟ್. ದಕ್ಷತೆ ಶೇ. 80 ಎಂದು ಹಿಡಿದರೂ 13.8 ವೋಲ್ಟಿನಲ್ಲಿ 27 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯಿಂದ ಡಿಕ್ಕಿಗೆ 5 ಮೀಟರ್ ದಾರಿ. 10 ಚದರ ಮಿ.ಮೀ. ತಾಮ್ರದಲ್ಲಿ 0.23 ವೋಲ್ಟ್ ಕಳೆದುಹೋಗುತ್ತದೆ, ಅಡ್ಡಿಯಿಲ್ಲ. 4 ಚದರ ಮಿ.ಮೀ. ಎಳೆದರೆ 0.58, ಜೊತೆಗೆ ತಂತಿ ಬಿಸಿ.

‘ಆಂಪ್ಲಿಫೈಯರ್ ಕಿಟ್’ ಎಂದು ಪ್ಯಾಕೆಟ್ಟಿನಲ್ಲಿ ಬರುವ ದಪ್ಪ ಪಾರದರ್ಶಕ ತಂತಿಯಲ್ಲಿ ಬಹುಪಾಲು ತಾಮ್ರ ಲೇಪದ ಅಲ್ಯುಮಿನಿಯಂ. ದಪ್ಪ ರಬ್ಬರಿನದು, ಒಳಗಿನ ಎಳೆ ಬಡಕಲು. ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆಯಿರಿ, ಒಳಗೆ ಬೆಳ್ಳಿ ಬಣ್ಣ ಕಂಡರೆ ಅದೇ. ಬೇರೆ ಊರಿನಲ್ಲಿ ಇದು ಬರೀ ನಷ್ಟ, ಇಲ್ಲಿ ರೋಗ: ಕತ್ತರಿಸಿದ ತುದಿಗೆ ಉಪ್ಪುಗಾಳಿ ತಾಗಿ ಅಲ್ಯುಮಿನಿಯಂ ಬಿಳಿ ಪುಡಿಯಾಗುತ್ತದೆ, ತಂತಿ ತುದಿಯ ಲಗ್ ಬಿಸಿಯಾಗುತ್ತದೆ, ಆಂಪ್ ಮಳೆಗಾಲದಲ್ಲಿ ಮಾತ್ರ ಕಟ್ಟಾಗುತ್ತದೆ. ಶುದ್ಧ ತಾಮ್ರ, ಸಿಕ್ಕಿದರೆ ತವರ ಲೇಪದ ತಾಮ್ರ. ಲಗ್ ಕ್ರಿಂಪ್ ಮಾಡಿದ ಮೇಲೆ ಒಳಗೆ ಅಂಟು ಇರುವ ಹೀಟ್‌ಶ್ರಿಂಕ್.

ಫ್ಯೂಸ್ 40 ಆಂಪಿಯರ್, ಬ್ಯಾಟರಿಯಿಂದ 45 ಸೆಂ.ಮೀ. ಒಳಗೆ. ಆಂಪಿನಲ್ಲೇ ಫ್ಯೂಸ್ ಇದೆಯಲ್ಲ ಎನ್ನಬೇಡಿ. ಈ ಫ್ಯೂಸ್ ಕಾಯುವುದು ಆಂಪನ್ನಲ್ಲ, ದಾರಿಯಲ್ಲಿ ತಗಡಿಗೆ ಉಜ್ಜುವ ತಂತಿಯಿಂದ ಕಾರನ್ನು. ಗಾಜಿನ ಉರುಳೆ ಫ್ಯೂಸಿನ ಹಿಡಿಕೆ ಇಲ್ಲಿ ಕಿಲುಬು ಹಿಡಿಯುತ್ತದೆ, ಬೋಲ್ಟ್ ಹಾಕುವ ಎಎನ್‌ಎಲ್ ನಮೂನೆ ಒಳ್ಳೆಯದು. ಇಂಜಿನ್ ಗೋಡೆ ದಾಟುವಲ್ಲಿ ರಬ್ಬರ್ ಗ್ರಾಮೆಟ್ ಕಡ್ಡಾಯ. ಗ್ರಾಮೆಟ್ಟಿಗೆ ಮುನ್ನ ತಂತಿಯನ್ನು ಕೆಳಮುಖವಾಗಿ ಒಂದು ಬಳುಕು ಕೊಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ, ಕ್ಯಾಬಿನ್ನಿಗೆ ಬರುವುದಿಲ್ಲ.

ಅರ್ಥ್ ತಂತಿ ಅಷ್ಟೇ ದಪ್ಪ, ಅರ್ಧ ಮೀಟರಿಗಿಂತ ಗಿಡ್ಡ. ಸೀಟ್‌ಬೆಲ್ಟಿನ ಬೋಲ್ಟಿಗೆ ಕಟ್ಟಬಾರದು. ಡಿಕ್ಕಿಯ ದಪ್ಪ ತಗಡಿನಲ್ಲಿ ಬೇರೆ ಎಂ8 ಬೋಲ್ಟ್. ಕೆಳಗೆ ಪೆಟ್ರೋಲ್ ಟ್ಯಾಂಕಾಗಲಿ ಬ್ರೇಕ್ ಪೈಪಾಗಲಿ ಇದೆಯೇ ನೋಡಿಕೊಂಡೇ ಡ್ರಿಲ್ ಹಿಡಿಯಿರಿ. ಲಗ್ ಕೂರುವಷ್ಟೇ ಜಾಗದ ಬಣ್ಣ ಕೆರೆದು, ನಕ್ಷತ್ರ ವಾಷರ್ ಹಾಕಿ ಬಿಗಿದು, ಎಲ್ಲ ಮುಗಿದ ಮೇಲೆ ಮೇಲಿನಿಂದಲೂ ಅಡಿಯಿಂದಲೂ ಪ್ರೈಮರ್, ಪೇಂಟ್. ಕೆರೆದ ತಗಡನ್ನು ಹಾಗೇ ಬಿಟ್ಟರೆ ತುಕ್ಕು ಲಗ್ಗಿನಡಿಗೆ ನುಗ್ಗುತ್ತದೆ. ಸಿಸ್ಟಂ ಜೋರಾಗಿ ಓಡುವಾಗ ಬ್ಯಾಟರಿ ಮೈನಸ್ಸಿನಿಂದ ಆಂಪ್ ಮೈನಸ್ಸಿಗೆ ಮೀಟರ್ ಹಿಡಿದರೆ 0.1 ವೋಲ್ಟಿನ ಆಸುಪಾಸು ಇರಬೇಕು. ಅರ್ಧ ವೋಲ್ಟ್ ತೋರಿಸಿದರೆ ಕೆರೆದದ್ದು ಸಾಲದು.

ಆರ್‌ಸಿಎ ತಂತಿ (ಸ್ಟಿರಿಯೋದಿಂದ ಆಂಪಿಗೆ ಸಿಗ್ನಲ್ ಒಯ್ಯುವುದು) ಬಲಗಡೆಯಿಂದ, ಪವರ್ ಎಡಗಡೆಯಿಂದ. ಕಂಪನಿ ಸ್ಟಿರಿಯೋದಲ್ಲಿ ಆರ್‌ಸಿಎ ಇಲ್ಲದಿದ್ದರೆ ಹೈ-ಲೆವೆಲ್ ಇನ್‌ಪುಟ್ (ಸ್ಪೀಕರ್ ತಂತಿಯಿಂದಲೇ ಸಿಗ್ನಲ್ ಪಡೆಯುವ ದಾರಿ) ಇರುವ ಆಂಪನ್ನೇ ಕೊಳ್ಳಿ. ಆಂಪನ್ನು ಬಾಕ್ಸಿನ ಮೈಗಾಗಲಿ ಡಿಕ್ಕಿಯ ನೆಲಕ್ಕಾಗಲಿ ಕೂರಿಸಬಾರದು. ಬಾಕ್ಸಿನ ನಡುಕಕ್ಕೆ ಬೆಸುಗೆ ಬಿಡುತ್ತದೆ. ನೆಲಕ್ಕೆ ಕೂರಿಸಿದರೆ, ಟೇಲ್‌ಲ್ಯಾಂಪ್ ಗ್ಯಾಸ್ಕೆಟ್ ಸೋರಿದರೆ ಸ್ಟೆಪ್ನಿ ಗುಂಡಿ ತುಂಬಿ ನೀರು ಮೇಲೆ ಬರುತ್ತದೆ. ಹಿಂದಿನ ಸೀಟಿನ ಬೆನ್ನಿಗೆ ಪ್ಲೈ ಹಲಗೆ ಕೊಟ್ಟು ಅಲ್ಲಿ ಹತ್ತಿಸಿ.

ಗೇನ್

ಗೇನ್ ಗುಂಡಿ ವಾಲ್ಯೂಮ್ ಅಲ್ಲ. 250 ವಾಟನ್ನು 4ರಿಂದ ಗುಣಿಸಿ ವರ್ಗಮೂಲ ತೆಗೆದರೆ 31.6 ವೋಲ್ಟ್. ಸಬ್ ಬಿಚ್ಚಿಟ್ಟು, ಬೇಸ್ ಬೂಸ್ಟ್ ಸೊನ್ನೆ ಮಾಡಿ, ಸ್ಟಿರಿಯೋ ವಾಲ್ಯೂಮನ್ನು ಮುಕ್ಕಾಲಿಗಿಟ್ಟು 50 ಹರ್ಟ್ಸ್ ಸೈನ್ ಟೋನ್ ಹಾಕಿ, ಆಂಪಿನ ಸ್ಪೀಕರ್ ತುದಿಗೆ ಮೀಟರನ್ನು ಎಸಿಯಲ್ಲಿಟ್ಟು ಗೇನನ್ನು ನಿಧಾನ ಏರಿಸಿ 31 ವೋಲ್ಟಿಗೆ ನಿಲ್ಲಿಸಿ. ಮನೆಯ ಕರೆಂಟೂ 50 ಹರ್ಟ್ಸೇ ಆದ್ದರಿಂದ ಅಗ್ಗದ ಮೀಟರೂ ಇಲ್ಲಿ ಸರಿಯಾಗಿ ಓದುತ್ತದೆ.

ಲೋ ಪಾಸ್ (ಮೇಲಿನ ಸ್ವರ ಸಬ್ಬಿಗೆ ಹೋಗದಂತೆ ತಡೆಯುವ ಫಿಲ್ಟರ್) 80 ಹರ್ಟ್ಸ್‌ನಿಂದ ಶುರು ಮಾಡಿ. ಯಕ್ಷಗಾನದ ಒಳ್ಳೆಯ ಧ್ವನಿಮುದ್ರಣ ಇದಕ್ಕೆ ಪರೀಕ್ಷೆ: ಭಾಗವತರ ದನಿ ಡಿಕ್ಕಿಯಿಂದ ಬಂದಂತೆ ಕೇಳಿದರೆ, ಚಂಡೆಯ ಪೆಟ್ಟು ಧಪ್ಪೆಂದು ದಪ್ಪವಾದರೆ ಲೋ ಪಾಸ್ ಇನ್ನೂ ಕೆಳಗಿಳಿಸಬೇಕು. ಫೇಸ್ ಸ್ವಿಚ್ಚನ್ನು 0 ಮತ್ತು 180 ಎರಡರಲ್ಲೂ ಡ್ರೈವರ್ ಸೀಟಿನಲ್ಲೇ ಕೂತು ಕೇಳಿ, ಬೇಸ್ ತುಂಬಿ ಬಂದದ್ದನ್ನು ಇಟ್ಟುಕೊಳ್ಳಿ.

ಆಮೇಲೆ ಕಾರನ್ನು ದೇವಿಮನೆ ಘಾಟಿಗೋ ಅರಬೈಲ್ ಘಾಟಿಗೋ ಒಮ್ಮೆ ಹತ್ತಿಸಿ ಇಳಿಸಿ. ತಿರುವಿನಲ್ಲಿ ಬಾಕ್ಸ್ ಸರಿದರೆ ಅದನ್ನು ಕಾರಿಗೆ ಹಿಡಿದಿರುವ ಕೆಳಗಿನ ಬ್ರಾಕೆಟ್ ಸಾಲದು. ತುಂಬಿದ ಬಾಕ್ಸ್ 15 ಕೆ.ಜಿ. ಮೀರಬಹುದು, ಬ್ರೇಕ್ ಒತ್ತಿದಾಗ ಹಿಂದಿನ ಸೀಟಿನವರ ಬೆನ್ನಿಗೆ ಬರಬಾರದು. ಕಟಕಟ ಸದ್ದು ಬಹುಪಾಲು ನಂಬರ್ ಪ್ಲೇಟಿನದು, ಹಿಂದೆ ಫೋಮ್ ಟೇಪ್ ಅಂಟಿಸಿ. ಡಿಕ್ಕಿ ಬಾಗಿಲಿನ ತಗಡಿಗೆ 2 ಮಿ.ಮೀ. ಬ್ಯುಟೈಲ್ ಹಾಳೆ, ಛಾವಣಿಗೆ ಬಡಿಯುವ ಡಾಂಬರು ಹಾಳೆ ತಂದರೆ ಏಪ್ರಿಲ್ ಬಿಸಿಲಿಗೆ ಜಾರಿ ಟ್ರಿಮ್ಮಿನೊಳಗೆ ಇಳಿಯುತ್ತದೆ.

ಮಳೆ ಬಿಟ್ಟ ಮೇಲೆ, ಅಕ್ಟೋಬರಿನಲ್ಲಿ, ಬ್ಯಾಟರಿ ಮೈನಸ್ ಬಿಚ್ಚಿ ಫ್ಯೂಸಿನ ಬೋಲ್ಟ್, ಅರ್ಥಿನ ಬೋಲ್ಟ್, ಬಾಕ್ಸಿನ ಎರಡು ಹಿತ್ತಾಳೆ ಬೋಲ್ಟ್ ನೋಡಿ. ಹಸಿರು ಕಂಡರೆ ಹಳೆ ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜಿ, ಮತ್ತೆ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಬಳಿಯಿರಿ. ಕೋನನ್ನು ಒಮ್ಮೆ ಒತ್ತಿ ಬಿಡಿ. ಆಲಸ್ಯದಿಂದಲೇ ಮೇಲೆ ಬಂದರೆ ಸ್ಟೆಪ್ನಿ ಗುಂಡಿಯ ನೀರು ಒರೆಸಿ ಡಿಕ್ಕಿ ಮುಚ್ಚಬಹುದು.